ಬೈಲಹೊಂಗಲಕ್ಕೆ 818 ಜನ ಕಡಿಮೆ: ತಪ್ಪಿದ್ದು ಎಣಿಕೆಯೋ, ಊರಿನ ಗಡಿಯೋ?

ಬೈಲಹೊಂಗಲ: ಈ ಪಟ್ಟಣದ ಜನಸಂಖ್ಯೆ ಎಷ್ಟು? ಸರ್ಕಾರಿ ಕಡತದಲ್ಲಿ ಇದಕ್ಕೆ ಒಂದೇ ಉತ್ತರವಿದೆ: 2011ರ ಜನಗಣತಿಯಂತೆ 49,182. ಆದರೆ ಊರಿನಲ್ಲಿ ಈ ಉತ್ತರವನ್ನು ಒಪ್ಪುವವರು ಕಡಿಮೆ. ಹೊಸ ಬಡಾವಣೆಗಳು ಎದ್ದಿವೆ, ಮಾರುಕಟ್ಟೆ ಬೆಳೆದಿದೆ, ಶಾಲೆ-ಕಾಲೇಜುಗಳು ತುಂಬಿವೆ, ಹೀಗಿರುವಾಗ ಐವತ್ತು ಸಾವಿರವೂ ಇಲ್ಲವೆಂದರೆ ನಂಬುವುದು ಹೇಗೆ ಎಂಬುದು ನಾಗರಿಕರ ವಾದ. ಎಣಿಸುವವರು ಎಲ್ಲ ಮನೆಗಳಿಗೆ ಹೋಗಲೇ ಇಲ್ಲ ಎಂಬುದು ಇನ್ನೊಂದು ಆಕ್ಷೇಪ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿಯೂ ಇದೇ ಚರ್ಚೆ ಬೇರೆ ಬೇರೆ ರೂಪಗಳಲ್ಲಿ ನಡೆಯುತ್ತ ಬಂದಿದೆ.

ಇದು ಊರಿನ ಪ್ರತಿಷ್ಠೆಯ ಪ್ರಶ್ನೆ ಮಾತ್ರವಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಂತೆ 20 ಸಾವಿರದಿಂದ 50 ಸಾವಿರದವರೆಗೆ ಜನಸಂಖ್ಯೆ ಇರುವ ಊರು ಪುರಸಭೆ. 50 ಸಾವಿರ ದಾಟಿದರೆ ನಗರಸಭೆಯ ಸ್ಥಾನಕ್ಕೆ ಅರ್ಹ. ಜನಸಾಂದ್ರತೆ, ಆದಾಯ, ಕೃಷಿಯೇತರ ಉದ್ಯೋಗದ ಪ್ರಮಾಣ ಮುಂತಾದ ಬೇರೆ ಷರತ್ತುಗಳೂ ಇವೆ. ಆದರೆ ಮೊದಲ ಹೊಸ್ತಿಲು ಜನಸಂಖ್ಯೆಯದು. ಆ ಹೊಸ್ತಿಲಿಗೆ 2011ರಲ್ಲಿ ಬೈಲಹೊಂಗಲಕ್ಕೆ ಕಡಿಮೆ ಬಿದ್ದದ್ದು ಕೇವಲ 818 ಜನ. ಜನಗಣತಿಯಲ್ಲಿ ಒಬ್ಬ ಗಣತಿದಾರರಿಗೆ ವಹಿಸುವ ಒಂದು ಬ್ಲಾಕ್‌ನಲ್ಲಿ ಸಾಮಾನ್ಯವಾಗಿ 600ರಿಂದ 800 ಜನರಿರುತ್ತಾರೆ. ಅಂದರೆ ಒಂದು ಬ್ಲಾಕ್‌ಗಿಂತ ತುಸು ಹೆಚ್ಚಿನ ಜನ ಲೆಕ್ಕಕ್ಕೆ ಸಿಕ್ಕಿದ್ದರೂ ಪಟ್ಟಣದ ಅಂಕಿ ಐದು ಹತ್ತುಸಾವಿರದ ಗೆರೆ ದಾಟುತ್ತಿತ್ತು. ಸಂಶಯ ಇಷ್ಟು ಬಲವಾಗಿ ಬೇರೂರಲು ಇದೇ ಮುಖ್ಯ ಕಾರಣ.

ಅಂಕಿಗಳು ಹೇಳುವುದೇನು?

2001ರ ಜನಗಣತಿಯಲ್ಲಿ ಬೈಲಹೊಂಗಲದ ಜನಸಂಖ್ಯೆ 43 ಸಾವಿರಕ್ಕೆ ತುಸು ಮೇಲಿತ್ತು. ಹತ್ತು ವರ್ಷಗಳಲ್ಲಿ ಬೆಳವಣಿಗೆ ಶೇ. 14ರ ಆಸುಪಾಸು. ಸವದತ್ತಿ 38 ಸಾವಿರದಿಂದ 41,215ಕ್ಕೆ ಏರಿತು, ಬೆಳವಣಿಗೆ ಶೇ. 8. ರಾಮದುರ್ಗ 32 ಸಾವಿರದ ಸಮೀಪದಿಂದ 34,800ಕ್ಕೆ ಬಂತು, ಅಲ್ಲಿ ಶೇ. 9ರಷ್ಟು. ಇದೇ ಅವಧಿಯಲ್ಲಿ ಇಡೀ ಬೆಳಗಾವಿ ಜಿಲ್ಲೆ 42,14,505ರಿಂದ 47,79,661ಕ್ಕೆ, ಅಂದರೆ ಶೇ. 13.4ರಷ್ಟು ಬೆಳೆಯಿತು. ರಾಜ್ಯದ ಒಟ್ಟು ಬೆಳವಣಿಗೆ ಶೇ. 15.6. ರಾಜ್ಯದ ನಗರ ಪ್ರದೇಶಗಳ ಬೆಳವಣಿಗೆಯಾದರೋ ಶೇ. 31ಕ್ಕೂ ಹೆಚ್ಚು.

ನಾಗರಿಕರ ಅನುಮಾನಕ್ಕೆ ಈ ಕೊನೆಯ ಅಂಕಿಯೇ ಆಧಾರ. ರಾಜ್ಯದ ನಗರಗಳು ಮೂವತ್ತರ ವೇಗದಲ್ಲಿ ಬೆಳೆಯುವಾಗ ಸವದತ್ತಿ ಎಂಟರಲ್ಲಿಯೂ ರಾಮದುರ್ಗ ಒಂಬತ್ತರಲ್ಲಿಯೂ ನಿಂತದ್ದು ಹೇಗೆ? ಮೇಲ್ನೋಟಕ್ಕೆ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೋಲಿಕೆಯಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು ಬೆಂಗಳೂರು. ಆ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆಯೊಂದೇ ಶೇ. 47ರ ಸಮೀಪ ಬೆಳೆದು ರಾಜ್ಯದ ಸರಾಸರಿಯನ್ನು ಮೇಲೆಳೆಯಿತು. ಎರಡನೆಯದು ಹೊಸದಾಗಿ ನಗರವೆಂದು ಗುರುತಾದ ಊರುಗಳು. ಆಡಳಿತದಲ್ಲಿ ಗ್ರಾಮವಾಗಿಯೇ ಉಳಿದು, ಜನಸಂಖ್ಯೆ ಮತ್ತು ಉದ್ಯೋಗದ ಲೆಕ್ಕದಲ್ಲಿ ಪಟ್ಟಣವೆನಿಸಿಕೊಂಡ ‘ಜನಗಣತಿ ಪಟ್ಟಣ’ಗಳು ಕರ್ನಾಟಕದಲ್ಲಿ 2001ರಲ್ಲಿ 44 ಇದ್ದವು, 2011ರಲ್ಲಿ 127 ಆದವು. ಈ ಊರುಗಳ ಜನರೆಲ್ಲ ಒಮ್ಮೆಗೇ ನಗರವಾಸಿಗಳ ಪಟ್ಟಿಗೆ ಸೇರಿದ್ದರಿಂದ ನಗರ ಬೆಳವಣಿಗೆಯ ಅಂಕಿ ಉಬ್ಬಿತು. ಹೀಗಾಗಿ ಮಲಪ್ರಭೆಯ ದಂಡೆಯ ತಾಲ್ಲೂಕು ಕೇಂದ್ರವನ್ನು ರಾಜ್ಯದ ನಗರ ಸರಾಸರಿಗೆ ತೂಗಿ ನೋಡುವುದು ಸರಿಯಲ್ಲ. ಬೈಲಹೊಂಗಲದ ಬೆಳವಣಿಗೆ ಜಿಲ್ಲೆಯ ಬೆಳವಣಿಗೆಗೆ ಸರಿಸಮನಾಗಿಯೇ ಇದೆ.

ಆದರೂ ಅಂಕಿ ನೂರಕ್ಕೆ ನೂರು ಸರಿ ಎಂದು ಜನಗಣತಿ ಇಲಾಖೆಯೇ ಹೇಳುವುದಿಲ್ಲ. ಪ್ರತಿ ಗಣತಿಯ ನಂತರ ಆಯ್ದ ಬ್ಲಾಕ್‌ಗಳಲ್ಲಿ ಮತ್ತೊಮ್ಮೆ ಮನೆಮನೆಗೆ ಹೋಗಿ ಎಷ್ಟು ಜನ ಬಿಟ್ಟುಹೋದರು, ಎಷ್ಟು ಜನ ಎರಡು ಸಲ ಸೇರಿದರು ಎಂದು ಪರಿಶೀಲಿಸುವ ಸಮೀಕ್ಷೆ ನಡೆಯುತ್ತದೆ. ದೇಶದ ಮಟ್ಟದಲ್ಲಿ 1991ರಲ್ಲಿ ಸಾವಿರಕ್ಕೆ 18 ಜನ, 2001ರಲ್ಲಿ 23 ಜನ, 2011ರಲ್ಲಿಯೂ 23 ಜನ ನಿವ್ವಳವಾಗಿ ಬಿಟ್ಟುಹೋಗಿದ್ದರೆಂದು ಈ ಸಮೀಕ್ಷೆ ಹೇಳಿತು. ಈ ಪ್ರಮಾಣವನ್ನು ಬೈಲಹೊಂಗಲಕ್ಕೆ ಅನ್ವಯಿಸಿದರೆ ಜನಸಂಖ್ಯೆ 50,300ರ ಸುತ್ತಮುತ್ತ ಬರುತ್ತದೆ. ಹೊಸ್ತಿಲು ದಾಟಿದಂತೆಯೇ ಆಯಿತು!

ಆದರೆ ಇಲ್ಲಿ ಎಚ್ಚರ ಬೇಕು. ಸಾವಿರಕ್ಕೆ 23 ಎಂಬುದು ಇಡೀ ದೇಶದ ಸರಾಸರಿ. ಮಹಾನಗರಗಳಲ್ಲಿ ಬಿಟ್ಟುಹೋಗುವವರ ಪ್ರಮಾಣ ಹೆಚ್ಚು. ಪರಸ್ಪರ ಪರಿಚಯವಿರುವ ಸಣ್ಣ ಊರುಗಳಲ್ಲಿ ಸಾಮಾನ್ಯವಾಗಿ ಕಡಿಮೆ. ಮಾದರಿ ಸಮೀಕ್ಷೆಯ ಅಂಕಿಯನ್ನು ಒಂದು ಪುರಸಭೆಗೆ ಇಳಿಸಿ ಹೇಳಲು ಬರುವುದಿಲ್ಲ. ಇಲಾಖೆಯೂ ಇದರ ಆಧಾರದ ಮೇಲೆ ಯಾವ ಊರಿನ ಅಂಕಿಯನ್ನೂ ತಿದ್ದುವುದಿಲ್ಲ. ಆದ್ದರಿಂದ ‘ಎಣಿಕೆ ತಪ್ಪಿರಲು ಸಾಧ್ಯ’ ಎಂಬಷ್ಟನ್ನು ಈ ಲೆಕ್ಕ ಹೇಳುತ್ತದೆಯೇ ಹೊರತು ‘ಎಣಿಕೆ ತಪ್ಪಿತ್ತು’ ಎಂಬುದನ್ನು ಸಾಬೀತು ಮಾಡುವುದಿಲ್ಲ.

ಹೆಸರು ಬೇರೆ, ಗಡಿ ಬೇರೆ

ಗೊಂದಲದ ಇನ್ನೊಂದು ಮೂಲ ಪುಸ್ತಕದಲ್ಲಿಯೇ ಇದೆ. 2011ರ ಜನಗಣತಿಯ ತಾಲ್ಲೂಕು ಪಟ್ಟಿಯಲ್ಲಿ ಬೈಲಹೊಂಗಲ ತಾಲ್ಲೂಕನ್ನು ಹುಡುಕಿದರೆ ಸಿಗುವುದಿಲ್ಲ. ಅದು ಅಲ್ಲಿ ‘ಸಂಪಗಾವಿ’. ಸವದತ್ತಿ ತಾಲ್ಲೂಕು ಅಲ್ಲಿ ‘ಪರಸಗಡ’. ಮುಂಬೈ ಪ್ರಾಂತ್ಯದ ಕಾಲದ ಹೆಸರುಗಳು ಕಾನೇಷುಮಾರಿಯ ಕಾಗದದಲ್ಲಿ ಹಾಗೆಯೇ ಉಳಿದುಬಂದಿವೆ. ಸವದತ್ತಿ ಪಟ್ಟಣವೂ ‘ಸವದತ್ತಿ-ಯಲ್ಲಮ್ಮ’ ಎಂಬ ಹೆಸರಿನಲ್ಲಿದೆ. ಪಟ್ಟಣದ ಅಂಕಿ, ತಾಲ್ಲೂಕಿನ ಅಂಕಿ, ವಿಧಾನಸಭಾ ಕ್ಷೇತ್ರದ ಅಂಕಿ ಈ ಮೂರನ್ನೂ ಒಂದೇ ಎಂದು ಭಾವಿಸಿ ವಾದಿಸುವವರು ಅನೇಕರು. ಬೈಲಹೊಂಗಲ, ಕಿತ್ತೂರು, ಸವದತ್ತಿ ಯಲ್ಲಮ್ಮ, ರಾಮದುರ್ಗ ನಾಲ್ಕೂ ವಿಧಾನಸಭಾ ಕ್ಷೇತ್ರಗಳು. ಅವುಗಳ ಗಡಿ ಪಟ್ಟಣದ ಗಡಿಯಲ್ಲ, ತಾಲ್ಲೂಕಿನ ಗಡಿಯೇ ಆಗಿರಬೇಕೆಂದೂ ಇಲ್ಲ.

ಕಿತ್ತೂರಿನ ಸಮಸ್ಯೆ ಇನ್ನೂ ವಿಚಿತ್ರ. 2011ರಲ್ಲಿ ಕಿತ್ತೂರು ತಾಲ್ಲೂಕು ಎಂಬುದೇ ಇರಲಿಲ್ಲ. ಅದು ಬೈಲಹೊಂಗಲದಲ್ಲಿ ಸೇರಿತ್ತು. ಆನಂತರ ಪ್ರತ್ಯೇಕ ತಾಲ್ಲೂಕಾಯಿತು, ಪಟ್ಟಣ ಪಂಚಾಯಿತಿಯೂ ಬಂತು. ಸವದತ್ತಿಯಿಂದ ಯರಗಟ್ಟಿಯೂ ಹೀಗೆಯೇ ಬೇರೆಯಾಯಿತು. ಈ ಹೊಸ ತಾಲ್ಲೂಕುಗಳ ಜನಸಂಖ್ಯೆ ಎಂದು ಇಂದು ಕಚೇರಿಗಳಲ್ಲಿ ಬಳಕೆಯಲ್ಲಿರುವ ಅಂಕಿಗಳು ಹಳೆಯ ಗಣತಿಯ ಗ್ರಾಮವಾರು ಲೆಕ್ಕವನ್ನು ಕೂಡಿಸಿ ಮಾಡಿದವು. ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಧಾರವಾಡಕ್ಕೂ ಬೆಳಗಾವಿಗೂ ನಡುವೆ ಇರುವ ಕಿತ್ತೂರು ತಾಲ್ಲೂಕು ಕೇಂದ್ರವಾದ ಮೇಲೆ ಎಷ್ಟು ಬೆಳೆಯಿತು ಎಂಬುದನ್ನು ಯಾವ ಜನಗಣತಿಯ ಪುಸ್ತಕವೂ ಇನ್ನೂ ಹೇಳಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಪುರಸಭೆಯ ಗಡಿ. ಊರು ಬೆಳೆಯುವುದು ಅಂಚಿನಲ್ಲಿ. ಹೊಲ ಬಿನ್‌ಶೇತ್ಕಿಯಾಗಿ ಬಡಾವಣೆಯಾಗುತ್ತದೆ, ಮನೆಗಳು ಏಳುತ್ತವೆ. ಅಲ್ಲಿನವರು ಪಟ್ಟಣದ ಸಂತೆಗೆ ಬರುತ್ತಾರೆ, ಪಟ್ಟಣದ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ, ಪಟ್ಟಣದವರೆಂದೇ ಹೇಳಿಕೊಳ್ಳುತ್ತಾರೆ. ಆದರೆ ಆ ಸರ್ವೆ ನಂಬರು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದರೆ ಗಣತಿಯಲ್ಲಿ ಅವರು ಹಳ್ಳಿಯವರು. ಅವರು ಎಣಿಕೆಯಿಂದ ತಪ್ಪಿಸಿಕೊಂಡಿಲ್ಲ. ಬೇರೆ ಕಾಲಂನಲ್ಲಿ ಕುಳಿತಿದ್ದಾರೆ. ನಾಗರಿಕರು ಕಣ್ಣಿನಿಂದ ಕಾಣುವ ಊರಿಗೂ ಜನಗಣತಿ ಎಣಿಸುವ ಊರಿಗೂ ಇರುವ ಅಂತರದ ದೊಡ್ಡ ಪಾಲು ಇಲ್ಲಿಯೇ ಇದೆ.

ಮತದಾರರ ಪಟ್ಟಿ, ಆಧಾರ್, ಪಡಿತರ ಚೀಟಿ

ಜನಗಣತಿಯ ಅಂಕಿಯನ್ನು ಅಲ್ಲಗಳೆಯುವವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷಿ ಮತದಾರರ ಪಟ್ಟಿ. ಹದಿನೆಂಟು ದಾಟಿದವರೇ ಇಷ್ಟಿದ್ದರೆ ಮಕ್ಕಳೂ ಸೇರಿ ಎಷ್ಟಾಗಬೇಕು ಎಂಬುದು ತರ್ಕ. ಆದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು, ಬೆಂಗಳೂರು-ಪುಣೆಗಳಲ್ಲಿ ನೆಲೆಸಿದ ಗಂಡುಮಕ್ಕಳ ಹೆಸರು, ತೀರಿಕೊಂಡವರ ಹೆಸರು ಕೂಡ ಎಷ್ಟೋ ವರ್ಷ ಆ ಪಟ್ಟಿಯಲ್ಲಿ ಉಳಿದಿರುತ್ತವೆ. ಆಧಾರ್ ನೋಂದಣಿಯಲ್ಲಿಯೂ ಹೀಗೆಯೇ; ವಿಳಾಸ ಒಂದೂರಿನದು, ವಾಸ ಇನ್ನೊಂದೂರಿನಲ್ಲಿ. ಪಡಿತರ ಚೀಟಿಯ ಲೆಕ್ಕವಂತೂ ಒಂದೇ ಮನೆ ಎರಡು ಕುಟುಂಬವಾಗುವುದರಿಂದ ಬದಲಾಗುತ್ತ ಹೋಗುತ್ತದೆ. ಪುರಸಭೆಯ ಆಸ್ತಿ ತೆರಿಗೆ ವಹಿಯಲ್ಲಿ ಅಂಗಡಿ, ಗೋದಾಮು, ಬೀಗ ಹಾಕಿದ ಮನೆಗಳೂ ಸೇರಿರುತ್ತವೆ. ಇವೆಲ್ಲ ಬೇರೆ ಬೇರೆ ಉದ್ದೇಶದ ಪಟ್ಟಿಗಳು. ಒಂದು ದಿನಾಂಕದಂದು ಒಂದು ಊರಿನಲ್ಲಿ ಎಷ್ಟು ಜನ ವಾಸವಿದ್ದರು ಎಂಬ ಪ್ರಶ್ನೆಗೆ ಇವು ಉತ್ತರಿಸುವುದಿಲ್ಲ.

ಆ ಪ್ರಶ್ನೆಗೆ ಜನಗಣತಿ ಉತ್ತರಿಸುವ ಕ್ರಮವೇ ಬೇರೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆಧಾರ ಕ್ಷಣ ಮಾರ್ಚ್ 1ರ ಶೂನ್ಯ ವೇಳೆ. ಈ ಇಪ್ಪತ್ತು ದಿನಗಳಲ್ಲಿ ಕೆಲವು ದಿನವಾದರೂ ಮನೆಯಲ್ಲಿದ್ದವರು ಆ ಮನೆಯ ಲೆಕ್ಕಕ್ಕೆ ಬರುತ್ತಾರೆ. ಇಡೀ ಅವಧಿ ಹೊರಗಿದ್ದವರು ಎಲ್ಲಿ ಸಿಕ್ಕರೋ ಅಲ್ಲಿಯ ಲೆಕ್ಕಕ್ಕೆ ಸೇರುತ್ತಾರೆ.

ಈ ನಿಯಮ ಸವದತ್ತಿ, ರಾಮದುರ್ಗದಂತಹ ಊರುಗಳಿಗೆ ಮಹತ್ವದ್ದು. ಫೆಬ್ರುವರಿ ಎಂದರೆ ಕಬ್ಬು ಕಡಿಯುವ ಕಾಲ. ಮಳೆಯಾಶ್ರಿತ ಹೊಲದ ಕೆಲಸ ಮುಗಿದು ಜನ ಗುಳೆ ಹೋಗುವ ಕಾಲ. ಗೋವೆಯ ಕಟ್ಟಡ ಕೆಲಸಕ್ಕೆ, ಕಾರ್ಖಾನೆಗಳ ಸುತ್ತಲಿನ ಕಬ್ಬಿನ ಗದ್ದೆಗಳಿಗೆ ಕುಟುಂಬ ಸಮೇತ ಹೋದವರು ಊರಿನ ಲೆಕ್ಕದಿಂದ ಹೊರಗುಳಿಯುತ್ತಾರೆ. ಅವರು ಹೋದಲ್ಲಿ ಗುಡಿಸಲಲ್ಲಿ ಇದ್ದಾಗ ಗಣತಿದಾರರು ತಲುಪಿದರೆ ಅಲ್ಲಿ ಸೇರಿದರು. ತಲುಪದಿದ್ದರೆ ಎಲ್ಲಿಯೂ ಸೇರಲಿಲ್ಲ. ನಿಜವಾಗಿ ಬಿಟ್ಟುಹೋಗುವವರು ಇವರೇ. ಪಟ್ಟಣದ ಪಕ್ಕಾ ಮನೆಯವರು ‘ನಮ್ಮನ್ನು ಎಣಿಸಲಿಲ್ಲ’ ಎಂದು ಹೇಳಿಕೊಳ್ಳಬಲ್ಲರು. ಗುಳೆ ಹೋದವರ ಪರವಾಗಿ ಹಾಗೆ ಹೇಳುವವರು ಯಾರೂ ಇಲ್ಲ.

ಯಲ್ಲಮ್ಮನ ಗುಡ್ಡದ ಜಾತ್ರೆಯಿಂದ ಸವದತ್ತಿಯ ಅಂಕಿ ಏರುಪೇರಾಗುತ್ತದೆ ಎಂಬ ನಂಬಿಕೆಯೂ ಇದೆ. 2011ರ ಭಾರತ ಹುಣ್ಣಿಮೆ ಫೆಬ್ರುವರಿ 18ರಂದು, ಸರಿಯಾಗಿ ಎಣಿಕೆಯ ನಡುವೆ ಬಂದಿತ್ತು. ಆದರೆ ಮೇಲಿನ ನಿಯಮದಂತೆ ಎರಡು ಮೂರು ದಿನಕ್ಕೆ ಬಂದ ಭಕ್ತರು ತಮ್ಮ ತಮ್ಮ ಊರಿನ ಲೆಕ್ಕಕ್ಕೆ ಸೇರುತ್ತಾರೆ. ಜಾತ್ರೆಯ ಲಕ್ಷಾಂತರ ಜನ ಸವದತ್ತಿಯ ಜನಸಂಖ್ಯೆಯಾಗುವುದಿಲ್ಲ. ಆದರೆ ಅವರು ಬಳಸುವ ನೀರು, ಬಿಟ್ಟುಹೋಗುವ ಕಸ, ತುಳಿಯುವ ರಸ್ತೆ ಸವದತ್ತಿಯವೇ. 41 ಸಾವಿರ ಜನರ ಲೆಕ್ಕಕ್ಕೆ ಬರುವ ಅನುದಾನದಿಂದ ಜಾತ್ರೆಯ ಹೊರೆಯನ್ನು ಹೊರಬೇಕು ಎಂಬ ಅಲ್ಲಿನವರ ದೂರಿನಲ್ಲಿ ಹುರುಳಿದೆ. ಅದು ಎಣಿಕೆಯ ದೋಷವಲ್ಲ, ಹಂಚಿಕೆಯ ದೋಷ.

ಒಂದು ಅಂಕಿಯ ಮೇಲೆ ನಿಂತದ್ದೇನೇನು?

ಸಂವಿಧಾನದ 243ಪಿ ವಿಧಿಯಂತೆ ನಗರ ಸ್ಥಳೀಯ ಸಂಸ್ಥೆಗಳ ಸಂದರ್ಭದಲ್ಲಿ ಜನಸಂಖ್ಯೆ ಎಂದರೆ, ಅಂಕಿಗಳು ಪ್ರಕಟವಾಗಿರುವ ಹಿಂದಿನ ಜನಗಣತಿಯ ಜನಸಂಖ್ಯೆ. ಸದಸ್ಯರ ಸಂಖ್ಯೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೀಸಲು ಸ್ಥಾನ ಎಲ್ಲದಕ್ಕೂ ಅದೇ ಆಧಾರ. 15ನೇ ಹಣಕಾಸು ಆಯೋಗವು ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ 2011ರ ಜನಸಂಖ್ಯೆಗೆ ಶೇ. 90, ವಿಸ್ತೀರ್ಣಕ್ಕೆ ಶೇ. 10ರ ತೂಕ ಕೊಟ್ಟಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಕರ್ನಾಟಕದಲ್ಲಿ ಸುಮಾರು 4 ಕೋಟಿ ಜನರಿಗೆ ಎಂಬ ಮಿತಿ ನಿಗದಿಯಾದದ್ದೂ 2011ರ ಅಂಕಿಯಿಂದಲೇ. ಆಮೇಲೆ ಹುಟ್ಟಿದವರು, ಬಡವರಾದವರು ಆ ಮಿತಿಯೊಳಗೇ ಜಾಗ ಹುಡುಕಬೇಕು.

ನೀರಿನ ಲೆಕ್ಕ ಇನ್ನೂ ಸ್ಪಷ್ಟ. ಒಳಚರಂಡಿ ಇರುವ ಪಟ್ಟಣಕ್ಕೆ ತಲಾ ದಿನಕ್ಕೆ 135 ಲೀಟರ್ ಎಂಬುದು ಯೋಜನೆಗಳ ಮಾನದಂಡ. 49,182 ಜನರಿಗೆ ದಿನಕ್ಕೆ 66 ಲಕ್ಷ ಲೀಟರ್ ಸಾಕು. ನಿಜವಾಗಿ 60 ಸಾವಿರ ಜನರಿದ್ದರೆ 81 ಲಕ್ಷ ಲೀಟರ್ ಬೇಕು. ನಡುವಿನ 15 ಲಕ್ಷ ಲೀಟರ್ ಕೊರತೆಯನ್ನು ಜನ ಅಂಕಿಯಾಗಿ ಕಾಣುವುದಿಲ್ಲ. ನಳ ಬಾರದ ದಿನಗಳಾಗಿ ಕಾಣುತ್ತಾರೆ.

60 ಸಾವಿರ ಎಂಬುದು ಕೈಗೆ ಬಂದ ಅಂಕಿಯಲ್ಲ. 2001-11ರ ವೇಗದಲ್ಲಿಯೇ ಬೆಳೆದರೆ 2027ಕ್ಕೆ ಬೈಲಹೊಂಗಲ 60 ಸಾವಿರದ ಹತ್ತಿರ, ಸವದತ್ತಿ 46 ಸಾವಿರದ ಮೇಲೆ, ರಾಮದುರ್ಗ 40 ಸಾವಿರದ ಆಸುಪಾಸು ಬರಬೇಕು. ಇದು ಬರಿಯ ಅಂಕಗಣಿತ. ಜನನ ಪ್ರಮಾಣ ಇಳಿದಿರುವುದರಿಂದ ಕಡಿಮೆಯೂ ಆಗಬಹುದು, ಸುತ್ತಲಿನ ಹಳ್ಳಿಗಳಿಂದ ವಲಸೆ ಬಂದಿದ್ದರೆ ಹೆಚ್ಚೂ ಆಗಬಹುದು. ರಾಮದುರ್ಗದಲ್ಲಿ 2019ರ ಮಲಪ್ರಭಾ ಪ್ರವಾಹ, ನೇಕಾರಿಕೆಯ ಏರಿಳಿತ ಇವೂ ಲೆಕ್ಕವನ್ನು ಬದಲಿಸಿರಬಹುದು. ಆದರೆ ಒಂದು ಮಾತು ಖಚಿತ. ನಾಗರಿಕರು ‘ತಪ್ಪು’ ಎನ್ನುವ ಅಂಕಿ ಬಹುಮಟ್ಟಿಗೆ ‘ಹಳೆಯ’ ಅಂಕಿ. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾ ಕಾರಣದಿಂದ ಮುಂದಕ್ಕೆ ಹೋಯಿತು. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಕ್ರಮ ಮೊದಲ ಬಾರಿಗೆ ಮುರಿಯಿತು.

ಹೆಚ್ಚು ಎಣಿಸಿದರೂ ಕಷ್ಟ

ಅಂಕಿ ಮೇಲೇರಿದರೆ ಲಾಭ ಎಂಬ ಭಾವನೆಯಿಂದ ಹುಟ್ಟುವ ಅಪಾಯವೂ ಇದೆ. ನಾಗಾಲ್ಯಾಂಡಿನಲ್ಲಿ 1991-2001ರ ದಶಕದ ಬೆಳವಣಿಗೆ ಶೇ. 64ಕ್ಕೂ ಹೆಚ್ಚೆಂದು ದಾಖಲಾಗಿತ್ತು. ಕ್ಷೇತ್ರಗಳ ಸ್ಥಾನ, ಸವಲತ್ತುಗಳ ಆಸೆಗೆ ಊರುಗಳು ಜನರನ್ನು ಹೆಚ್ಚಾಗಿ ಬರೆಸಿದ್ದವೆಂಬ ಆಕ್ಷೇಪ ಬಂತು. ರಾಜ್ಯ ಸರ್ಕಾರವೇ ಆ ಗಣತಿಯನ್ನು ಒಪ್ಪಲಿಲ್ಲ. 2011ರಲ್ಲಿ ಎಚ್ಚರಿಕೆಯಿಂದ ಎಣಿಸಿದಾಗ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆಯಾಗಿತ್ತು!

ಕರ್ನಾಟಕಕ್ಕೂ ಎಣಿಕೆಯ ಜಗಳ ಹೊಸದಲ್ಲ. 2015ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಅಂದಾಜು 6.35 ಕೋಟಿ ಜನರ ಪೈಕಿ 5.98 ಕೋಟಿ ಜನರನ್ನು ತಲುಪಿತೆಂದು ವರದಿಯಾದಾಗ, ‘ನಮ್ಮ ಮನೆಗೆ ಬಂದೇ ಇಲ್ಲ’ ಎಂಬ ಕೂಗು ಎಲ್ಲ ಕಡೆಯಿಂದ ಎದ್ದಿತು. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಮರುಸಮೀಕ್ಷೆಯಲ್ಲಿ ಮನೆಗಳು ಬಿಟ್ಟುಹೋಗದಿರಲೆಂದು ವಿದ್ಯುತ್ ಮೀಟರ್‌ಗಳ ಆಧಾರದ ಮೇಲೆ ಮನೆಪಟ್ಟಿ ಮಾಡಲಾಯಿತು. ಮನೆಪಟ್ಟಿ ಸರಿಯಿಲ್ಲದಿದ್ದರೆ ಎಣಿಕೆ ಸರಿಯಾಗದು ಎಂಬುದನ್ನು ಆ ಅನುಭವ ಕಲಿಸಿದೆ.

ಅಮೆರಿಕದಲ್ಲಿ ಒಂದು ವ್ಯವಸ್ಥೆಯಿದೆ. ಗಣತಿಯ ನಂತರ ಪಟ್ಟಣದ ಆಡಳಿತವು ಗಡಿ ತಪ್ಪಾಗಿದೆ, ಇಂಥ ಮನೆಗಳು ಬೇರೆಡೆ ಸೇರಿವೆ ಎಂದು ದಾಖಲೆ ಸಮೇತ ಆಕ್ಷೇಪ ಸಲ್ಲಿಸಬಹುದು, ಪರಿಶೀಲಿಸಿ ತಿದ್ದುತ್ತಾರೆ. ನಮ್ಮ 1948ರ ಜನಗಣತಿ ಕಾಯ್ದೆಯಲ್ಲಿ ಅಂತಹ ಅವಕಾಶವಿಲ್ಲ. ಕುಟುಂಬಗಳ ಮಾಹಿತಿ ಗೌಪ್ಯ. ಗಣತಿಯ ನಮೂನೆಗಳನ್ನು ಯಾರೂ ತೆರೆಸಿ ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಬಳಸುವಂತೆಯೂ ಇಲ್ಲ. ಗೌಪ್ಯತೆ ಒಳ್ಳೆಯದೇ; ಅದಿಲ್ಲದಿದ್ದರೆ ಜನ ನಿಜ ಹೇಳುವುದಿಲ್ಲ. ಆದರೆ ಇದರಿಂದಾಗಿ ಅಂಕಿ ಪ್ರಕಟವಾದ ಮೇಲೆ ಊರಿನವರ ಕೈಯಲ್ಲಿ ಉಳಿಯುವುದು ಚರ್ಚೆ ಮಾತ್ರ. ಮಾಡಬೇಕಾದದ್ದನ್ನೆಲ್ಲ ಎಣಿಕೆಗೆ ಮೊದಲೇ ಮಾಡಬೇಕು.

2027ರ ಎಣಿಕೆಯತ್ತ

ಹೊಸ ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1 ಎಂದು 2025ರ ಜೂನ್ 16ರಂದು ಅಧಿಸೂಚನೆ ಹೊರಟಿತು. ಮನೆಪಟ್ಟಿ ತಯಾರಿಸುವ ಮೊದಲ ಹಂತಕ್ಕೆ 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯನ್ನೂ, ಜನರ ಎಣಿಕೆಗೆ 2027ರ ಫೆಬ್ರುವರಿಯನ್ನೂ ನಿಗದಿಪಡಿಸಲಾಗಿದೆ. ಕಾಗದದ ಬದಲು ಮೊಬೈಲ್ ಆ್ಯಪ್, ಕುಟುಂಬದವರೇ ಮಾಹಿತಿ ತುಂಬುವ ಅವಕಾಶ, ಜೊತೆಗೆ ಜಾತಿಯ ಎಣಿಕೆ ಈ ಸಲದ ವಿಶೇಷಗಳು.

ಈ ಸಿದ್ಧತೆಯಲ್ಲಿ ನಾಲ್ಕೂ ಊರುಗಳು ಗಮನಿಸಬೇಕಾದ ಒಂದು ದಿನಾಂಕ ಆಗಲೇ ಕಳೆದುಹೋಗಿದೆ. ಜನಗಣತಿಗಾಗಿ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ಥಗಿತಗೊಳಿಸಲಾಯಿತು. ಅಂದಿಗೆ ಪುರಸಭೆಯ ವ್ಯಾಪ್ತಿಗೆ ಸೇರದೆ ಉಳಿದ ಬಡಾವಣೆಗಳು ಈ ಗಣತಿಯಲ್ಲಿಯೂ ಹಳ್ಳಿಯ ಲೆಕ್ಕದಲ್ಲಿಯೇ ಬರುತ್ತವೆ. ಆದ್ದರಿಂದ 2027ರ ಅಂಕಿ ಬಂದಾಗಲೂ ‘ನಮ್ಮ ಊರು ಇದಕ್ಕಿಂತ ದೊಡ್ಡದು’ ಎಂಬ ಮಾತು ಕೇಳಿಬರುವುದು ಬಹುತೇಕ ನಿಶ್ಚಿತ. ಗಡಿ ವಿಸ್ತರಣೆಯ ಕಡತಗಳು ವರ್ಷಗಟ್ಟಲೆ ಕುಳಿತರೆ ಅದಕ್ಕೆ ಉತ್ತರಿಸಬೇಕಾದವರು ಗಣತಿದಾರರಲ್ಲ.

ಉಳಿದ ಕೆಲಸ ಸ್ಥಳೀಯರ ಕೈಯಲ್ಲಿದೆ. ಪಟ್ಟಣದ ನಕ್ಷೆಯಲ್ಲಿ ಬ್ಲಾಕ್‌ಗಳ ಗಡಿ ಒಂದಕ್ಕೊಂದು ಕೂಡಿವೆಯೇ, ಎರಡು ಬ್ಲಾಕ್‌ಗಳ ನಡುವಿನ ಓಣಿ ಯಾರದು ಎಂಬುದನ್ನು ಪುರಸಭೆ ಮೊದಲೇ ಪರಿಶೀಲಿಸಬಹುದು. ಜನಗಣತಿಯಲ್ಲಿ ಕುಟುಂಬವೆಂದರೆ ಒಂದೇ ಒಲೆಯಲ್ಲಿ ಉಣ್ಣುವವರು. ಒಂದೇ ಮನೆಯಲ್ಲಿ ಅಣ್ಣತಮ್ಮಂದಿರ ಎರಡು ಒಲೆಗಳಿದ್ದರೆ ಎರಡನ್ನೂ ಬರೆಸಬೇಕು. ಮಗ್ಗದ ಮನೆಯ ಹಿಂಭಾಗದಲ್ಲಿ, ಅಂಗಡಿಯ ಅಟ್ಟದ ಮೇಲೆ ವಾಸಿಸುವವರನ್ನು ಸ್ಥಳೀಯರು ತೋರಿಸದ ಹೊರತು ಗಣತಿದಾರರಿಗೆ ಕಾಣುವುದಿಲ್ಲ. ಗುಳೆ ಹೋಗುವ ಕುಟುಂಬಗಳಿಗೆ ಎಲ್ಲಿ ಹೆಸರು ಬರೆಸಬೇಕೆಂಬುದನ್ನು ತಿಳಿಸಲು ಕಬ್ಬಿನ ಮೇಸ್ತ್ರಿಗಳು, ಕಾರ್ಖಾನೆಗಳು, ಗ್ರಾಮ ಪಂಚಾಯಿತಿಗಳು ಕೈಜೋಡಿಸಬೇಕು. 2027ರಲ್ಲಿಯೂ ಫೆಬ್ರುವರಿಯ ಹುಣ್ಣಿಮೆ ಎಣಿಕೆಯ ತಿಂಗಳಲ್ಲಿಯೇ ಬರುವುದರಿಂದ ಸವದತ್ತಿಯ ಸಿಬ್ಬಂದಿಯನ್ನು ಜಾತ್ರೆಗೂ ಗಣತಿಗೂ ಒಟ್ಟಿಗೆ ಹಚ್ಚದಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕಾಗುತ್ತದೆ.

2011ರ ಅಂಕಿ ಸರಿಯೋ ತಪ್ಪೋ ಎಂಬ ವಾದ ಇನ್ನು ತೀರ್ಮಾನವಾಗುವಂಥದ್ದಲ್ಲ. ಆ ನಮೂನೆಗಳು ಮತ್ತೆ ತೆರೆಯುವುದಿಲ್ಲ. ಬೈಲಹೊಂಗಲಕ್ಕೆ ಕಡಿಮೆ ಬಿದ್ದ 818 ಜನ ಗಡಿಯ ಆಚೆ ಇದ್ದರೋ, ಗುಳೆ ಹೋಗಿದ್ದರೋ, ಎಣಿಕೆಯಿಂದಲೇ ಬಿಟ್ಟುಹೋಗಿದ್ದರೋ ಎಂದು ಯಾರೂ ಹೇಳಲಾರರು. ಆದರೆ ಮುಂದಿನ ಅಂಕಿ ಒಮ್ಮೆ ಅಚ್ಚಾದರೆ ಇನ್ನೊಂದು ಗಣತಿಯ ತನಕ ನೀರು, ಅಕ್ಕಿ, ಅನುದಾನ, ಮೀಸಲು ಸ್ಥಾನ ಎಲ್ಲವೂ ಅದರ ಮೇಲೆಯೇ ನಿಲ್ಲುತ್ತವೆ. ಹಿಂದಿನ ಸಲದ ತಕರಾರಿನಷ್ಟೇ ಆಸಕ್ತಿ ಈ ಸಲದ ಮನೆಪಟ್ಟಿಯ ಮೇಲೆಯೂ ಇರಬೇಕಾದದ್ದು ಆ ಕಾರಣಕ್ಕೆ.